ಅಡುಗೆ ಕಟ್ಟೆಯ ಕಲ್ಲಿನಲ್ಲಿ ಕರಿ ಕಡ್ಡಿಗಳು: ಇದೇನು, ಎಲ್ಲಿಂದ ಬಂತು?

ಹೊಸಮನೆ (ಬಾಗಲಕೋಟೆ ನವನಗರ)

ಎಲ್ಲರಿಗೂ ನಮಸ್ಕಾರ. ಹೊಸ ಮನೆಯ ಅಡುಗೆ ಕಟ್ಟೆಗೆ ಕಲ್ಲು ಹಾಕಿಸಿದೆವು. ಬಿಳಿ ಕಲ್ಲು, ಅಲ್ಲಲ್ಲಿ ತಿಳಿ ಗುಲಾಬಿ. ಸಿಂಕ್ ಕೂರಿಸಲು ಕೊರೆದು ತೆಗೆದ ತುಂಡು ಹಿತ್ತಲಲ್ಲಿ ಬಿದ್ದಿತ್ತು. ನಿನ್ನೆ ಮಗ ಅದನ್ನು ತೊಳೆದು ತಂದ. ಒಂದು ಮೂಲೆಯಲ್ಲಿ ಕರಿ ಕಡ್ಡಿಗಳ ಗುಂಪು ಇದೆ. ಕೆಲವು ಬೆರಳುದ್ದ, ಕೆಲವು ಅಡ್ಡ ಕತ್ತರಿಸಿ ಬರೀ ಚುಕ್ಕೆಯಾಗಿ ಕಾಣುತ್ತವೆ. ಫೋಟೋ ಹಾಕಿದ್ದೇನೆ.

ಅಂಗಡಿಯವರನ್ನು ಕೇಳಿದೆ, "ಕಬ್ಬಿಣದ ಗೆರೆ" ಅಂದರು. ಮೇಸ್ತ್ರಿ ಕಲ್ಲಿದ್ದಲು ಅಂದ. ಮನೆಯವಳದು ಒಂದೇ ಪ್ರಶ್ನೆ, ತುಕ್ಕು ಹಿಡಿಯುತ್ತಾ? ನಿಂಬೆಹಣ್ಣಿನ ರಸ ಬಿದ್ದರೆ ಕಲೆ ಆಗುತ್ತಾ? ಗೊತ್ತಿದ್ದವರು ಹೇಳಿ.

ಇಳಕಲ್ ಪಾಲಿಶ್

ಇಪ್ಪತ್ತು ವರ್ಷದಿಂದ ಕಲ್ಲು ಕೊಯ್ಯುತ್ತಿದ್ದೇನೆ. ನಮ್ಮ ಇಳಕಲ್ ಕೆಂಪು ಕಲ್ಲಿನಲ್ಲೂ ಕರಿ ಚುಕ್ಕೆ ಇರುತ್ತವೆ. ಅದು ಕಾಗೆಬಂಗಾರದ ಕರಿ ಜಾತಿ, ಇಲ್ಲಾ ಇನ್ನೊಂದು ಕರಿ ಖನಿಜ ಹಾರ್ನ್‌ಬ್ಲೆಂಡ್. ಇದೂ ಅದೇ ಇರಬೇಕು. ಚಿಂತೆ ಮಾಡಬೇಡಿ ಅಣ್ಣಾರೇ.

ಕಲ್ಲು ಮಾಸ್ತರ (ವಿಜಯಪುರ, ನಿವೃತ್ತ)

ಪಾಲಿಶ್ ತಮ್ಮಾ, ಇಳಕಲ್ ಕಲ್ಲಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಈ ಫೋಟೋ ಬೇರೆ. ಎರಡನೇ ಫೋಟೋದ ಅಡ್ಡ ಕೊಯ್ತ ನೋಡಿ. ಕರಿ ಚುಕ್ಕೆಗೆ ಮೂರು ಬದಿ ಇವೆ, ಬದಿಗಳು ಹೊರಗೆ ಉಬ್ಬಿವೆ. ಹೊಟ್ಟೆ ಬಂದ ತ್ರಿಕೋನ. ಉದ್ದಕ್ಕೆ ಇರುವ ಕಡ್ಡಿಯ ಮೈಮೇಲೆ ಸಣ್ಣ ಸಣ್ಣ ಗೀರು ಇವೆ. ಇವೆರಡೂ ಸೇರಿದರೆ ಅದು ಟೂರ್ಮಲೀನ್. ಕರಿ ಜಾತಿಗೆ ಶೋರ್ಲ್ ಅಂತ ಹೆಸರು.

ಖಾತ್ರಿ ಮಾಡಿಕೊಳ್ಳಬೇಕಾದರೆ ಅಡುಗೆ ಮನೆಯ ಚಾಕು ತಗೊಂಡು ಗೀರಿ. ಹಾರ್ನ್‌ಬ್ಲೆಂಡ್ ಆದರೆ ಒಳ್ಳೆ ಚಾಕುವಿಗೆ ಸ್ವಲ್ಪವಾದರೂ ಗೀರು ಬೀಳುತ್ತದೆ. ಕರಿ ಕಾಗೆಬಂಗಾರ ಆದರೆ ಉಗುರಿಗೇ ಪದರ ಏಳುತ್ತದೆ. ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಅಳತೆ ಇದೆ, ಅದರಲ್ಲಿ ಟೂರ್ಮಲೀನ್ 7ಕ್ಕಿಂತ ಜಾಸ್ತಿ. ಚಾಕುವೇ ಸವೆದು ಬೂದು ಗೆರೆ ಬಿಡುತ್ತದೆ.

ತುಕ್ಕು ಹಿಡಿಯುವುದಿಲ್ಲ. ನಿಂಬೆರಸ ಇದಕ್ಕೆ ಏನೂ ಮಾಡುವುದಿಲ್ಲ. ನಿಮ್ಮ ಕಟ್ಟೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಇರುವುದೇ ಆ ಕಡ್ಡಿ.

ಹೊಸಮನೆ

ಮಾಸ್ತರ್ರೇ, ಈಗಷ್ಟೇ ಗೀರಿ ನೋಡಿದೆ. ಚಾಕುವಿನ ತುದಿ ಹೋಯಿತು! ಮನೆಯವಳು ಬೈದಳು, ಆದರೆ ಕಲ್ಲಿಗೆ ಏನೂ ಆಗಿಲ್ಲ. ಈ ಟೂರ್ಮಲೀನ್ ಅಂದರೆ ಏನು? ಅದರಲ್ಲಿ ಏನಿರುತ್ತದೆ?

ಕಲ್ಲು ಮಾಸ್ತರ

ಬೋರಾನ್. ಜೊತೆಗೆ ಅಲ್ಯೂಮಿನಿಯಂ, ಸಿಲಿಕಾನ್, ಕಬ್ಬಿಣ, ಸೋಡಿಯಂ, ಸ್ವಲ್ಪ ನೀರು. ಆದರೆ ಟೂರ್ಮಲೀನನ್ನು ಟೂರ್ಮಲೀನ್ ಮಾಡುವುದು ಬೋರಾನ್. ತೂಕದಲ್ಲಿ ನೂರಕ್ಕೆ ಮೂರು ಭಾಗದಷ್ಟು.

ಹೆಸರು ಬಂದದ್ದು ಸಿಂಹಳ ಭಾಷೆಯಿಂದ. ಶ್ರೀಲಂಕಾದಲ್ಲಿ ಬಣ್ಣದ ಹರಳುಗಳಿಗೆ ತೋರಮಲ್ಲಿ ಅನ್ನುತ್ತಿದ್ದರು. ಹದಿನೆಂಟನೇ ಶತಮಾನದ ಶುರುವಿನಲ್ಲಿ ಡಚ್ ವ್ಯಾಪಾರಿಗಳು ಒಯ್ದರು. ಬಿಸಿ ಮಾಡಿದರೆ ಹರಳಿನ ಎರಡು ತುದಿಗೆ ವಿದ್ಯುತ್ ಬಂದು ಬೂದಿಯನ್ನು ಎಳೆಯುತ್ತದೆ. ಅವರು ಅದಕ್ಕೆ "ಬೂದಿ ಎಳೆಯುವ ಕಲ್ಲು" ಅಂತಲೇ ಕರೆದರು.

ಸುಮ್ನೆ ಓದುಗ

ಬೋರಾನ್ ಅಂದರೆ ಕ್ಯಾರಂ ಪೌಡರ್ ಅಲ್ವಾ?

ಕಲ್ಲು ಮಾಸ್ತರ

ಬೋರಿಕ್ ಪೌಡರ್, ಹೌದು. ಕ್ಯಾರಂ ಬೋರ್ಡಿಗೆ ಹಾಕುವುದು ಅದನ್ನೇ. ಬೋರಾನಿನ ಆಮ್ಲ.

ಪತ್ತಾರ ಓಣಿ (ಬೆಳಗಾವಿ)

ನಮ್ಮ ಮನೆಯಲ್ಲಿ ಇದು ದಿನಬಳಕೆಯ ಸಾಮಾನು. ನಾವು ಪತ್ತಾರರು. ಅಪ್ಪ ಬಂಗಾರ ಬೆಸೆಯುವ ಮುಂಚೆ ಬಿಳಿಗಾರ ಹಚ್ಚುತ್ತಾರೆ. ಬಿಳಿಗಾರ ಅಂದರೆ ಬೊರಾಕ್ಸ್, ಅದೂ ಬೋರಾನೇ. ಉರಿ ಬಿಟ್ಟ ಕೂಡಲೇ ಅದು ಮೊದಲು ಹಪ್ಪಳದ ಹಾಗೆ ಉಬ್ಬುತ್ತದೆ. ಆಮೇಲೆ ಗಾಜಿನ ಹಾಗೆ ಕರಗಿ ಹರಡಿ, ಮೇಲಿನ ಕೊಳೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬೆಸುಗೆ ನೀರಿನ ಹಾಗೆ ಸಂದಿಗೆ ಇಳಿಯುತ್ತದೆ. ಬಿಳಿಗಾರ ಇಲ್ಲದೆ ಅದು ಗೋಲಿಯಾಗಿ ಕೂತುಬಿಡುತ್ತದೆ, ಹರಿಯುವುದೇ ಇಲ್ಲ.

ನನ್ನ ಪ್ರಶ್ನೆ ಏನೆಂದರೆ, ಬೋರಾನ್ ಇಷ್ಟು ಬೇಗ ಕರಗುವ ಸ್ವಭಾವದ್ದಾದರೆ, ಭೂಮಿಯೊಳಗಿನ ಬಿಸಿಗೆ ಅದು ಕಲ್ಲಿನಲ್ಲಿ ಹೇಗೆ ನಿಲ್ಲುತ್ತದೆ?

ಕಲ್ಲು ಮಾಸ್ತರ

ಅಕ್ಕಾರೇ, ಒಳ್ಳೆ ಜಾಗಕ್ಕೆ ಕೈ ಹಾಕಿದಿರಿ. ಉತ್ತರ ಏನೆಂದರೆ, ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಂತರೆ ಅಲ್ಲಿ ಹುಟ್ಟುವ ಖನಿಜಗಳು ಜಗತ್ತಿನಲ್ಲೇ ಅಪರೂಪದವು. ಉದ್ದ ಕಥೆ, ರಾತ್ರಿ ಊಟ ಆದ ಮೇಲೆ ಬರೆಯುತ್ತೇನೆ.

ದ್ರಾಕ್ಷಿ ತೋಟ (ತಿಕೋಟಾ)

ಮಾಸ್ತರು ಬರುವಷ್ಟರಲ್ಲಿ ನನ್ನದೊಂದು ಮಾತು. ನಾವು ದ್ರಾಕ್ಷಿಗೆ ಬೋರಾನ್ ಸಿಂಪಡಿಸುತ್ತೇವೆ. ಪ್ಯಾಕೆಟ್ ಮೇಲೆ "ಬೋರಾನ್ 20%" ಅಂತ ಇರುತ್ತದೆ. ಹೂವಿನ ಹೊತ್ತಿಗೆ ಕಡಿಮೆ ಬಿದ್ದರೆ ಗೊಂಚಲಿನಲ್ಲಿ ಕಾಳು ಸರಿಯಾಗಿ ಕಟ್ಟುವುದಿಲ್ಲ. ಜಾಸ್ತಿ ಬಿದ್ದರೆ ಎಲೆ ಅಂಚು ಸುಡುತ್ತದೆ.

ಇದರ ಗುಣ ಒಂದು ನಾನು ಕಂಡಿದ್ದೇನೆ. ಇದು ನೀರಿನ ಜೊತೆ ಓಡುತ್ತದೆ. ಮಳೆ ಜೋರಾದರೆ ಮಸಾರಿ ನೆಲದಲ್ಲಿ ನಿಲ್ಲುವುದೇ ಇಲ್ಲ, ತೊಳೆದು ಹೋಗುತ್ತದೆ. ಎರೆ ನೆಲದಲ್ಲಿ ಸ್ವಲ್ಪ ಹಿಡಿದುಕೊಳ್ಳುತ್ತದೆ, ಅಲ್ಲಿ ಜೇಡಿ ಜಾಸ್ತಿ ನೋಡಿ. ಆಳದ ಕಲ್ಲಿನಲ್ಲೂ ಹೀಗೇ ಆಗುತ್ತಾ?

ಕಲ್ಲು ಮಾಸ್ತರ

ನೀವಿಬ್ಬರೂ ಸೇರಿ ನನ್ನ ಪಾಠ ಅರ್ಧ ಮುಗಿಸಿದಿರಿ. ಬೋರಾನ್ ನೀರಿನ ಜೊತೆ ಓಡುತ್ತದೆ ಅಂದರು ತೋಟದವರು. ಕರಗಿದ ಪಾಕದ ಜೊತೆ ಓಡುತ್ತದೆ ಅಂದರು ಪತ್ತಾರ ಓಣಿಯವರು. ಆಳದಲ್ಲಿ ಇರುವ ಎರಡು ಬಾಗಿಲೂ ಇವೇ.

ಸಮುದ್ರದ ನೀರಿನಿಂದ ಶುರು ಮಾಡೋಣ. ಒಂದು ಟನ್ ಸಮುದ್ರದ ನೀರಿನಲ್ಲಿ ಸುಮಾರು 4.5 ಗ್ರಾಂ ಬೋರಾನ್ ಇರುತ್ತದೆ. ಸಮುದ್ರದ ತಳದ ಜೇಡಿ ಅದನ್ನು ಹಿಡಿದುಕೊಳ್ಳುತ್ತದೆ, ಎರೆ ನೆಲದ ಹಾಗೆಯೇ. ಆ ಜೇಡಿ ಗಟ್ಟಿಯಾಗಿ ಶೇಲ್ ಕಲ್ಲಾದಾಗ ಟನ್ನಿಗೆ 100 ಗ್ರಾಂ ಹತ್ತಿರ ಬೋರಾನ್ ಇರುತ್ತದೆ. ಭೂಮಿಯ ಮೇಲ್ಪದರದ ಸರಾಸರಿ ಟನ್ನಿಗೆ ಹತ್ತು–ಹದಿನೇಳು ಗ್ರಾಂ ಅಷ್ಟೇ. ಅಂದರೆ ಜೇಡಿಕಲ್ಲು ಬೋರಾನಿನ ಕಣಜ.

ಈಗ ಈ ಶೇಲ್ ಬೆಟ್ಟಗಳ ಬುಡಕ್ಕೆ ಹೂತುಹೋಗುತ್ತದೆ ಅಂದುಕೊಳ್ಳಿ. ಬಿಸಿ ಏರುತ್ತದೆ. ಜೇಡಿ ಹೋಗಿ ಕಾಗೆಬಂಗಾರ ಆಗುತ್ತದೆ, ಬಿಳಿ ಅಭ್ರಕ. ನೀರು ಹೊರಗೆ ಬರುತ್ತದೆ, ಜೊತೆಗೆ ಬೋರಾನ್ ಒಂದಿಷ್ಟು ಹೋಗುತ್ತದೆ. ಉಳಿದದ್ದು ಅಭ್ರಕದಲ್ಲಿ ಮತ್ತು ಹೊಸದಾಗಿ ಬೆಳೆದ ಟೂರ್ಮಲೀನ್‌ನಲ್ಲಿ ಕೂರುತ್ತದೆ. 650–750 ಡಿಗ್ರಿ ಬಂದರೆ ಬಿಳಿ ಅಭ್ರಕವೂ ಒಡೆಯುತ್ತದೆ. ಅದರೊಳಗಿನ ನೀರು ಬಿಟ್ಟ ಕೂಡಲೇ ಕಲ್ಲು ಬೆವರಿದ ಹಾಗೆ ಅಲ್ಲಲ್ಲಿ ಕರಗಲು ಶುರು. ಇಲ್ಲಿ ಬಿಳಿಗಾರದ ಕೆಲಸ ನೆನಪಿಸಿಕೊಳ್ಳಿ. ಬೋರಾನ್ ಇದ್ದರೆ ಕಲ್ಲು ಹತ್ತಾರು ಡಿಗ್ರಿ ಮೊದಲೇ ಕರಗುತ್ತದೆ, ಕರಗಿದ್ದು ತೆಳ್ಳಗೆ ಇರುತ್ತದೆ, ಸಂದಿ ಸಿಕ್ಕಲ್ಲಿ ಹರಿದು ಹೋಗುತ್ತದೆ. ಬೋರಾನನ್ನೂ ಎಳೆದುಕೊಂಡು ಹೋಗುತ್ತದೆ.

ಹೀಗೆ ಹರಿದು ಮೇಲೆ ಬಂದು ತಣ್ಣಗಾದ ಪಾಕವೇ ಹೊಸಮನೆಯವರ ಅಡುಗೆ ಕಟ್ಟೆ! ಪೆಗ್ಮಟೈಟ್ ಅಂತ ಅದರ ಹೆಸರು. ಓಡಿ ಬಂದ ಬೋರಾನ್ ಕೊನೆಗೆ ಕರಿ ಕಡ್ಡಿಯಾಗಿ ಕೂತಿದೆ.

ಹಿಂದೆ ಉಳಿದ ಕಲ್ಲು ಏನಾಯಿತು? 800 ಡಿಗ್ರಿ ದಾಟಿದ ಆ ಒಣ ಕಲ್ಲಿಗೆ ಗ್ರಾನುಲೈಟ್ ಅನ್ನುತ್ತೇವೆ. ಬಹಳಷ್ಟು ಗ್ರಾನುಲೈಟಿನಲ್ಲಿ ಬೋರಾನ್ ಟನ್ನಿಗೆ ಕೆಲವೇ ಗ್ರಾಂ. ಕಣಜ ಬಳಿದ ಹಾಗೆ ಖಾಲಿ. ಬೋರಾನ್ ಮೊದಲೇ ಅಪರೂಪದ ಧಾತು. ಅದಕ್ಕೇ ಅಲ್ಲಿ ಬೋರಾನ್ ಖನಿಜಗಳು ಅಪರೂಪ.

ಕರದಂಟು (ಗೋಕಾಕ)

ಮಾಸ್ತರ್ರೇ, ನಾನು ಭೂವಿಜ್ಞಾನ ಎಂಎಸ್ಸಿ ಓದುತ್ತಿದ್ದೇನೆ. ಸಣ್ಣವಳು, ತಪ್ಪು ತಿಳಿಯಬೇಡಿ. ಕೊನೆಯ ಎರಡು ಸಾಲು ನನಗೆ ಒಪ್ಪಿಗೆಯಿಲ್ಲ.

ಧಾತು ಅಪರೂಪ, ಅದಕ್ಕೇ ಖನಿಜ ಅಪರೂಪ ಅಂದರೆ ಟೂರ್ಮಲೀನ್ ಕೂಡ ಅಪರೂಪ ಆಗಬೇಕಿತ್ತು. ಅದು ಎಲ್ಲಾ ಕಡೆ ಇದೆ. ಅಡುಗೆ ಕಟ್ಟೆಗೂ ಬಂದಿದೆ. ನಮ್ಮ ಗೋಕಾಕ ಜಲಪಾತದ ಕಲ್ಲು, ಬಾದಾಮಿಯ ಕಲ್ಲು, ಎಲ್ಲಾ ಹಳೆ ಮರಳು ತಾನೇ. ಮರಳುಗಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು ಮೊದಲು ಹುಡುಕುವ ಮೂರು ಗಟ್ಟಿ ಕಾಳುಗಳಲ್ಲಿ ಟೂರ್ಮಲೀನ್ ಒಂದು. ಜಿರ್ಕಾನ್, ಟೂರ್ಮಲೀನ್, ರೂಟೈಲ್. ನದಿಯಲ್ಲಿ ಎಷ್ಟು ಉರುಳಿದರೂ ಇವು ಸವೆಯುವುದಿಲ್ಲ.

ಅಷ್ಟು ಗಟ್ಟಿ ಇರುವ ಟೂರ್ಮಲೀನ್ ಬಿಸಿಗೆ ಮಾತ್ರ ಸೋಲುತ್ತದೆ. ಸುತ್ತ ಯಾವ ಖನಿಜ ಇದೆ ಅನ್ನುವುದರ ಮೇಲೆ 700ರಿಂದ 850 ಡಿಗ್ರಿ ಒಳಗೆ ಒಡೆಯುತ್ತದೆ. ಮೆಗ್ನೀಸಿಯಂ ಜಾತಿಯದು, ಡ್ರವೈಟ್, ಇನ್ನೂ ಸ್ವಲ್ಪ ತಡೆಯುತ್ತದೆ. ಒಡೆದಾಗ ಬೋರಾನ್ ಎಲ್ಲಿ ಹೋಗುತ್ತದೆ, ಅದು ಮುಖ್ಯ. ಪಾಕಕ್ಕೆ ಹೋದರೆ ಮುಗಿಯಿತು. ಕಲ್ಲಿನಲ್ಲೇ ಬೇರೆ ಹರಳಿಗೆ ಸೇರಿದರೆ ಆಗ ಕಾರ್ನೆರುಪೀನ್, ಪ್ರಿಸ್ಮಟೀನ್, ಗ್ರಾಂಡಿಡಿಯರೈಟ್, ವರ್ಡಿಂಗೈಟ್ ಹುಟ್ಟುತ್ತವೆ. ಬೋರಾನ್ ಇರುವುದು ಅಪರೂಪವಲ್ಲ. ಆ ಬಿಸಿಯಲ್ಲಿ ಅದು ಉಳಿಯುವುದು ಅಪರೂಪ.

ಇಳಕಲ್ ಪಾಲಿಶ್

ಹೆಸರುಗಳೇ ನಾಲಿಗೆ ಹೊರಳುವುದಿಲ್ಲ. ಇವೆಲ್ಲ ಊರಿನ ಹೆಸರಾ, ಮನುಷ್ಯರ ಹೆಸರಾ?

ಕಲ್ಲು ಮಾಸ್ತರ

ತಂಗಿ ಹೇಳಿದ್ದು ಸರಿ. ನಾನು ಅವಸರದಲ್ಲಿ ಬರೆದೆ. ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಸುಲಭದ ಸಾಲಿಗೆ ಮನಸ್ಸು ಜಾರುತ್ತದೆ.

ತಮ್ಮಾ, ಹೆಚ್ಚಿನವು ಮನುಷ್ಯರ ಹೆಸರು. ಕಾರ್ನೆರುಪ್ ಡೆನ್ಮಾರ್ಕಿನ ಹುಡುಗ. ಗ್ರೀನ್‌ಲ್ಯಾಂಡ್ ಸುತ್ತಿದ. 1881ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡ. ಮೂರು ವರ್ಷದ ನಂತರ, 1884ರಲ್ಲಿ, ಗ್ರೀನ್‌ಲ್ಯಾಂಡಿನ ಫಿಸ್ಕೆನೆಸ್ಸೆಟ್ ಕಲ್ಲಿನಲ್ಲಿ ಸಿಕ್ಕ ಹೊಸ ಖನಿಜಕ್ಕೆ ಅವನ ಹೆಸರು ಇಟ್ಟರು. ಗ್ರಾಂಡಿಡಿಯರ್ ಮಡಗಾಸ್ಕರ್ ಸುತ್ತಿ ಬರೆದ ಫ್ರೆಂಚ್ ಪ್ರವಾಸಿ. ಮಡಗಾಸ್ಕರಿನ ದಕ್ಷಿಣ ಕರಾವಳಿಯ ಬಂಡೆಯಲ್ಲಿ ಸಿಕ್ಕ ನೀಲಿ-ಹಸಿರು ಖನಿಜಕ್ಕೆ 1902ರಲ್ಲಿ ಲಾಕ್ರೋವಾ ಅನ್ನುವವರು ಆ ಹೆಸರು ಕೊಟ್ಟರು. ಪ್ರಿಸ್ಮಟೀನ್ ಮಾತ್ರ ಆಕಾರದ ಹೆಸರು. ಉದ್ದ ಪಟ್ಟಕಗಳಾಗಿ ಬೆಳೆಯುತ್ತದೆ. 1886ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ, ವಾಲ್ಡ್‌ಹೈಮ್ ಅನ್ನುವ ಊರಿನ ಗ್ರಾನುಲೈಟಿನಲ್ಲಿ ಸಿಕ್ಕಿತು.

ಕರದಂಟು

ಕಾರ್ನೆರುಪೀನ್ ಮತ್ತು ಪ್ರಿಸ್ಮಟೀನ್ ಅಣ್ಣ-ತಮ್ಮ. ಒಳಗೆ ಪರಮಾಣು ಜೋಡಿಸಿದ ಕಟ್ಟಡ ಒಂದೇ. ಆ ಕಟ್ಟಡದಲ್ಲಿ ಸಿಲಿಕಾನ್ ಕೂರುವ ಒಂದು ಕೋಣೆ ಇದೆ, ಅಲ್ಲಿಗೆ ಬೋರಾನ್ ಬಂದು ಕೂರಬಹುದು. ಅರ್ಧಕ್ಕಿಂತ ಜಾಸ್ತಿ ಬೋರಾನ್ ತುಂಬಿದರೆ ಪ್ರಿಸ್ಮಟೀನ್, ಕಡಿಮೆ ಇದ್ದರೆ ಕಾರ್ನೆರುಪೀನ್. 1996ರಲ್ಲಿ ಹೀಗೆ ಗೆರೆ ಎಳೆದರು. ಬೋರಾನ್ ಇಲ್ಲದೆಯೂ ಕಾರ್ನೆರುಪೀನ್ ಬೆಳೆಯಬಹುದು, ಇದು ನನಗೆ ಮೊದಲು ಓದಿದಾಗ ತಮಾಷೆ ಅನಿಸಿತ್ತು. ಬೋರಾನ್ ಬಂದರೆ ಜಾಗ ಕೊಡುವ ಮನೆ, ಬರದಿದ್ದರೂ ನಡೆಯುವ ಮನೆ.

ಟೂರ್ಮಲೀನ್ ಹಾಗಲ್ಲ. ಅದರಲ್ಲಿ ಬೋರಾನಿಗೇ ಅಂತ ಕಟ್ಟಿದ ಕೋಣೆ ಇದೆ, ಸುತ್ತ ಮೂರು ಆಮ್ಲಜನಕ, ಚಪ್ಪಟೆ ತ್ರಿಕೋನ. ಬೇರೆ ಯಾರೂ ಅಲ್ಲಿ ಕೂರುವುದಿಲ್ಲ. ಬೋರಾನ್ ಇಲ್ಲ ಅಂದರೆ ಟೂರ್ಮಲೀನೇ ಇಲ್ಲ.

ಪತ್ತಾರ ಓಣಿ

ನನಗೆ ಇನ್ನೂ ಗಂಟು ಬಿಡಿಸಿಲ್ಲ. ಪಾಕಕ್ಕೆ ಓಡುವುದೇ ಅದರ ಸ್ವಭಾವ ಅಂದಮೇಲೆ ಕೆಲವು ಕಡೆ ಮಾತ್ರ ಯಾಕೆ ನಿಂತಿತು? ಅಲ್ಲಿ ಯಾರು ಹಿಡಿದರು?

ಕರದಂಟು

ಅಕ್ಕಾ, ನನಗೆ ಅರ್ಥವಾದಷ್ಟು ಹೇಳುತ್ತೇನೆ, ಮಾಸ್ತರು ತಿದ್ದಲಿ.

ಮೊದಲನೆಯದಾಗಿ ಬಂಡವಾಳ ಜಾಸ್ತಿ ಇರಬೇಕು. ಸುಮ್ನೆ ಲೆಕ್ಕ ಹಾಕಿ. ಟನ್ನಿಗೆ 100 ಗ್ರಾಂ ಬೋರಾನ್ ಇರುವ ಶೇಲ್ ಪೂರ್ತಿ ಬೋರಾನನ್ನು ಟೂರ್ಮಲೀನಿಗೆ ಕೊಟ್ಟರೂ ಟನ್ನಿಗೆ ಮೂರು ಕಿಲೋ ಚಿಲ್ಲರೆ. ನೂರಕ್ಕೆ ಅರ್ಧವೂ ಇಲ್ಲ, ಸಾವಿರಕ್ಕೆ ಮೂರು. ಅದರಲ್ಲಿ ದಾರಿಯಲ್ಲಿ ಸೋರಿದ್ದು ಕಳೆಯಿರಿ. ಹಾಗಾಗಿ ಸಾದಾ ಶೇಲ್ ಸಾಲುವುದಿಲ್ಲ. ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳು ಜೇಡಿಯನ್ನು ನೆನೆಸಿದ ಜಾಗ, ಅಥವಾ ಉಪ್ಪಿನ ಕೆರೆ ಬತ್ತಿ ಬೋರಾನ್ ಉಳಿದ ಜಾಗ ಬೇಕು. ನಮ್ಮ ದೇಶದಲ್ಲೇ ಲಡಾಖಿನ ಪುಗಾ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳ ಸುತ್ತ ಬಿಳಿಗಾರ ಕಟ್ಟಿಕೊಳ್ಳುತ್ತದೆ. ಅಂಥ ಪದರ ಆಳಕ್ಕೆ ಹೋದರೆ ಅಲ್ಲಿ ಟೂರ್ಮಲೀನ್ ನೂರಕ್ಕೆ ಹತ್ತು-ಹದಿನೈದು ಪಾಲು ಇರುವ ಕಲ್ಲೇ ಸಿಗುತ್ತದೆ.

ಎರಡನೇ ಮಾತು ನನಗೆ ಇಷ್ಟವಾದದ್ದು. ಬೋರಾನ್ ಅಭ್ರಕದಲ್ಲಿ ಇದ್ದರೆ ಅಭ್ರಕ ಒಡೆದಾಗ ನೀರೂ ಬೋರಾನೂ ಒಟ್ಟಿಗೆ ಬಿಡುಗಡೆ. ಇಬ್ಬರೂ ಕೈ ಹಿಡಿದು ಓಡುತ್ತಾರೆ. ಬೋರಾನ್ ಟೂರ್ಮಲೀನಿನಲ್ಲಿ ಕೂತಿದ್ದರೆ ಕಥೆ ಬೇರೆ. ಅಭ್ರಕದ ನೀರು ಮೊದಲೇ ಹೊರಟುಹೋಗಿರುತ್ತದೆ. ಟೂರ್ಮಲೀನ್ ಆಮೇಲೆ ಒಡೆಯುತ್ತದೆ. ಅಷ್ಟೊತ್ತಿಗೆ ಕಲ್ಲು ಒಣಗಿದೆ, ಕರೆದೊಯ್ಯಲು ನೀರಿಲ್ಲ. ಕೊನೆಯ ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬಂದ ಹಾಗೆ. ಬೇರೆ ದಾರಿಯಿಲ್ಲದೆ ಅಲ್ಲೇ ಇದ್ದ ಹರಳುಗಳ ಜೊತೆ ಸಂಸಾರ ಮಾಡಬೇಕು.

ಕಲ್ಲು ಮಾಸ್ತರ

ಬಸ್ಸಿನ ಮಾತು ಚೆನ್ನಾಗಿದೆ. ಒಂದು ಸೇರಿಸುತ್ತೇನೆ. ಸ್ವಲ್ಪ ಪಾಕ ಆಗಲೂ ಇರುತ್ತದೆ, ಪೂರ್ತಿ ಒಣಗಿರುವುದಿಲ್ಲ. ಆ ಪಾಕ ಹರಿದು ಹೋಗದೆ ಹುಟ್ಟಿದ ಜಾಗದಲ್ಲೇ ಹೆಪ್ಪುಗಟ್ಟಿದರೆ ಬೋರಾನ್ ಉಳಿಯುತ್ತದೆ. ಬೆಸುಗೆ ಸಂದಿಗೆ ಇಳಿಯುವ ಮುಂಚೆ ಉರಿ ಆರಿದ ಹಾಗೆ.

ಬಿಸಿ ಏರಿದಂತೆ ಖನಿಜಗಳಲ್ಲಿ ಒಂದು ನಡೆ ಕಾಣುತ್ತದೆ, ಗಮನಿಸಿ. ಟೂರ್ಮಲೀನಿನ ಕಟ್ಟಡದಲ್ಲಿ ನೀರಿನ ಅಂಶ ಇದೆ. ಕಾರ್ನೆರುಪೀನ್, ಪ್ರಿಸ್ಮಟೀನಿನಲ್ಲಿ ಅದು ತೀರಾ ಸ್ವಲ್ಪ. ಗ್ರಾಂಡಿಡಿಯರೈಟಿನಲ್ಲಿ ಇಲ್ಲವೇ ಇಲ್ಲ. ವರ್ಡಿಂಗೈಟಿನಲ್ಲೂ ಇಲ್ಲ. ಕಲ್ಲು ಒಣಗಿದಂತೆ ಬೋರಾನ್ ಕೂಡ ಒಣ ಮನೆಗಳಿಗೆ ಬದಲಾಗುತ್ತಾ ಹೋಗುತ್ತದೆ. ನಾನು ಪಾಠದಲ್ಲಿ ಇದನ್ನೇ ಹೇಳುತ್ತಿದ್ದೆ. ಹೆಸರು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ ಅಂತ.

ಸುಮ್ನೆ ಓದುಗ

ಇದೆಲ್ಲ ಸರಿ. ಇದರಿಂದ ದುಡ್ಡು ಏನಾದರೂ ಇದೆಯಾ? ಬಾದಾಮಿ ಗುಡ್ಡದಲ್ಲಿ ಹುಡುಕಿದರೆ ಸಿಗುತ್ತಾ?

ಕಲ್ಲು ಮಾಸ್ತರ

ಬಾದಾಮಿಯಲ್ಲಿ ಸಿಗುವುದಿಲ್ಲ. ದಯವಿಟ್ಟು ಅಲ್ಲಿ ಸುತ್ತಿಗೆ ಹಿಡಿದು ಹೋಗಬೇಡಿ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನ ಇರುವ ಕಲ್ಲು ಅದು.

ನಮ್ಮ ಮೂರು ಜಿಲ್ಲೆಯಲ್ಲಿ ಈ ಖನಿಜ ಹುಡುಕುವುದು ವ್ಯರ್ಥ. ವಿಜಯಪುರದಲ್ಲಿ ನಮ್ಮ ಕಾಲ ಕೆಳಗೆ ಇರುವುದು ದಖ್ಖನ್ನಿನ ಲಾವಾ. ಗೋಳಗುಮ್ಮಟದ ಕಲ್ಲೂ ಅದೇ. ಬೆಳಗಾವಿಯಲ್ಲೂ ಬಹುಪಾಲು ಲಾವಾ, ಮೇಲೆ ಜಂಬಿಟ್ಟಿಗೆ. ಬಾಗಲಕೋಟೆ, ಲೋಕಾಪುರ, ಬಾದಾಮಿ ಕಡೆ ಕಲಾದಗಿ ಮತ್ತು ಬಾದಾಮಿ ಪದರಗಳು. ಮರಳುಗಲ್ಲು, ಶೇಲ್, ಸುಣ್ಣದ ಕಲ್ಲು. ಇವು ಸರಿಯಾಗಿ ಬೇಯಲೇ ಇಲ್ಲ. ಕಲಾದಗಿಯ ಶೇಲ್ ನೂರು ಕೋಟಿ ವರ್ಷಕ್ಕೂ ಹಳೆಯದು, ಆದರೂ ಇನ್ನೂ ಪದರ ಪದರವಾಗಿ ಏಳುತ್ತದೆ. ನಾನು ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ತುಂಡು ಕೈಗೆ ಕೊಡುತ್ತಿದ್ದೆ. "ಇದನ್ನು ಇಪ್ಪತ್ತೈದು ಕಿಲೋಮೀಟರ್ ಆಳಕ್ಕೆ ಇಳಿಸಿ, 800 ಡಿಗ್ರಿ ಬಿಸಿ ಕೊಡಿ, ಏನಾಗುತ್ತದೆ ಬರೆಯಿರಿ" ಅಂತ ಪ್ರಶ್ನೆ.

ಬೆಂದ ಕಲ್ಲು ಬೇಕಾದರೆ ದಕ್ಷಿಣಕ್ಕೆ ಹೋಗಬೇಕು. ನಮ್ಮ ರಾಜ್ಯ ಓರೆಯಾಗಿ ಎತ್ತಿ ಹಿಡಿದ ತಟ್ಟೆಯ ಹಾಗೆ. ಉತ್ತರದಲ್ಲಿ ಮೇಲಿನ ಪದರ ಉಳಿದಿದೆ, ದಕ್ಷಿಣಕ್ಕೆ ಹೋದಂತೆ ಆಳದಲ್ಲಿದ್ದ ಕಲ್ಲು ಮೇಲೆ ಕಾಣುತ್ತದೆ. ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟದ ಕಡೆ ಹೋದರೆ ಗ್ರಾನುಲೈಟ್, ಅದರ ಹಾಗೇ ಆಳದಲ್ಲಿ ಬೆಂದ ಚಾರ್ನೋಕೈಟ್. ಅದನ್ನೂ ದಾಟಿ ತಮಿಳುನಾಡಿನಲ್ಲಿ ಕಾರ್ನೆರುಪೀನ್ ಸಿಕ್ಕಿದೆ. ಸಮುದ್ರ ದಾಟಿದರೆ ಶ್ರೀಲಂಕಾ. ಅಲ್ಲಿ ರತ್ನ ಆಗುವಷ್ಟು ಚೆಂದದ ಹಸಿರು ಕಾರ್ನೆರುಪೀನ್ ನದಿ ಜಲ್ಲಿಯಲ್ಲಿ ಸಿಗುತ್ತದೆ.

ದ್ರಾಕ್ಷಿ ತೋಟ

ಹಾಗಾದರೆ ನಮ್ಮ ಕಡೆ ಕಲ್ಲು ಹಸಿ, ಅವರ ಕಡೆ ಕಲ್ಲು ಬೆಂದದ್ದು. ಮೊದಲ ಬಾರಿಗೆ ನಕ್ಷೆ ಅರ್ಥವಾಯಿತು ನೋಡಿ.

ಪತ್ತಾರ ಓಣಿ

ಶ್ರೀಲಂಕಾದ ಹೆಸರು ಬಂತು, ಒಂದು ಕೇಳುತ್ತೇನೆ. ಸಿನ್ಹಲೈಟ್ ಅನ್ನುವ ಕಂದು ಹರಳು ಒಮ್ಮೆ ನಮ್ಮ ಅಂಗಡಿಗೆ ಬಂದಿತ್ತು. ಅದೂ ಇದೇ ಬಳಗವಾ?

ಕಲ್ಲು ಮಾಸ್ತರ

ಅದೇ ಬಳಗ. ಮೆಗ್ನೀಸಿಯಂ, ಅಲ್ಯೂಮಿನಿಯಂ, ಬೋರಾನ್, ಆಮ್ಲಜನಕ, ಅಷ್ಟೇ. ಸಿಲಿಕಾನ್ ಇಲ್ಲವೇ ಇಲ್ಲ. ಬಹಳ ಕಾಲ ಅದನ್ನು ಪೆರಿಡಾಟ್ ಅನ್ನುವ ರತ್ನದ ಕಂದು ಜಾತಿ ಅಂತಲೇ ಮಾರುತ್ತಿದ್ದರು. 1952ರಲ್ಲಿ ಪರೀಕ್ಷೆ ಮಾಡಿದಾಗ ಬೇರೆಯೇ ಖನಿಜ ಅಂತ ಗೊತ್ತಾಯಿತು. ಇದು ಹುಟ್ಟುವುದು ಜೇಡಿಕಲ್ಲಿನಲ್ಲಲ್ಲ. ಸುಣ್ಣದ ಕಲ್ಲು, ಡಾಲಮೈಟ್ ಬಿಸಿಗೆ ಸಿಕ್ಕಿ, ಅಲ್ಲಿಗೆ ಬೋರಾನ್ ಬಂದಾಗ.

ಅದೇ ಜಾತಿಯ ಸುಣ್ಣದ ಕಲ್ಲಿನ ನೆರೆಯಲ್ಲಿ ಹುಟ್ಟುವ ಇನ್ನೊಂದು ಸೆರೆಂಡಿಬೈಟ್. ಶ್ರೀಲಂಕಾದ ಹಳೆ ಅರಬ್ಬಿ ಹೆಸರು ಸೆರೆಂಡಿಬ್. ಇದನ್ನು 1903ರಲ್ಲಿ ಪ್ರಯರ್ ಅನ್ನುವವರ ಜೊತೆ ಸೇರಿ ವರ್ಣಿಸಿದವರು ಯಾರು ಗೊತ್ತಾ? ಆನಂದ ಕುಮಾರಸ್ವಾಮಿ. ಹೌದು, ನಟರಾಜನ ಮೂರ್ತಿಯ ಬಗ್ಗೆ, ಭಾರತೀಯ ಕಲೆಯ ಬಗ್ಗೆ ಬರೆದ ಅದೇ ಕುಮಾರಸ್ವಾಮಿ. ಮೊದಲು ಅವರು ಭೂವಿಜ್ಞಾನಿ. ಸಿಲೋನಿನ ಖನಿಜ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದರು. ಕಲ್ಲು ನೋಡಲು ಊರೂರು ಸುತ್ತಿದವರು ಆಮೇಲೆ ಕಲ್ಲಿನಲ್ಲಿ ಕೆತ್ತಿದ್ದನ್ನು ನೋಡತೊಡಗಿದರು. ಕಲೆ ಓದುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದು ನನ್ನ ಹಳೆ ತಕರಾರು.

ಕರದಂಟು

ನನ್ನ ಪಾಲಿಗೆ ಈ ಬಳಗದ ದೊಡ್ಡ ಊರು ಶ್ರೀಲಂಕಾ ಅಲ್ಲ, ಅಂಟಾರ್ಕ್ಟಿಕಾ. ಲಾರ್ಸ್‌ಮನ್ ಗುಡ್ಡಗಳು. ನಮ್ಮ ದೇಶದ "ಭಾರತಿ" ಸಂಶೋಧನಾ ನೆಲೆ ಇರುವುದು ಅಲ್ಲೇ, 2012ರಲ್ಲಿ ಶುರುವಾಯಿತು.

ಅಲ್ಲಿನ ಕಲ್ಲು ಸುಮಾರು 53 ಕೋಟಿ ವರ್ಷದ ಹಿಂದೆ 800 ಡಿಗ್ರಿ ಆಸುಪಾಸಿನಲ್ಲಿ ಬೆಂದದ್ದು. ಆಗ ಆ ನೆಲ ಮತ್ತು ನಮ್ಮ ಪೂರ್ವ ಕರಾವಳಿಯ ನೆಲ ಗೊಂಡ್ವಾನ ಅನ್ನುವ ಹಳೆಯ ದೊಡ್ಡ ಭೂಖಂಡದಲ್ಲಿ ಅಕ್ಕಪಕ್ಕ ಇದ್ದವು. ಟೂರ್ಮಲೀನ್ ತುಂಬಿದ ಪದರಗಳು, ಪಕ್ಕದಲ್ಲೇ ಪ್ರಿಸ್ಮಟೀನ್ ಮತ್ತು ಗ್ರಾಂಡಿಡಿಯರೈಟ್ ತುಂಬಿದ ಪದರಗಳು. ಕಲ್ಲು ಕರಗಿ, ಪಾಕ ದೂರ ಹೋಗದೆ ಅಲ್ಲೇ ಗಟ್ಟಿಯಾದ ಗೆರೆಗಳಲ್ಲಿ ಒಂದು ಹೊಸ ಖನಿಜ ಸಿಕ್ಕಿತು, ಬೋರಾಲ್‌ಸಿಲೈಟ್. ಅಮೆರಿಕದ ಎಡ್ವರ್ಡ್ ಗ್ರೂ ಮತ್ತು ಜೊತೆಗಾರರು 1998ರಲ್ಲಿ ಅದನ್ನು ವರ್ಣಿಸಿದರು. ಹೆಸರಲ್ಲೇ ಎಲ್ಲಾ ಇದೆ, ಬೋರಾನ್, ಅಲ್ಯೂಮಿನಿಯಂ, ಸಿಲಿಕಾನ್. ಸೂತ್ರ ನೋಡಿ ನಾನೇ ಲೆಕ್ಕ ಮಾಡಿದೆ, ತೂಕದಲ್ಲಿ ನೂರಕ್ಕೆ ಐದೂವರೆಗಿಂತ ಜಾಸ್ತಿ ಬೋರಾನ್. ಟೂರ್ಮಲೀನಿಗಿಂತ ಮುಕ್ಕಾಲು ಪಟ್ಟು ಹೆಚ್ಚು! ಪಾಕ ಓಡಿಹೋಗದೆ ನಿಂತರೆ ಏನಾಗುತ್ತದೆ ಅಂತ ಮಾಸ್ತರು ಹೇಳಿದರಲ್ಲ, ಅದರ ಸಾಕ್ಷಿ ಇದು.

ಸುಮ್ನೆ ಓದುಗರಿಗೆ: ಅಲ್ಲಿಂದಲೂ ದುಡ್ಡು ಮಾಡಲು ಆಗುವುದಿಲ್ಲ. ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆಗೆ 1991ರ ಒಪ್ಪಂದದಲ್ಲೇ ನಿಷೇಧ ಇದೆ. ಅದರ ಮೇಲೆ 2014ರಲ್ಲಿ ಲಾರ್ಸ್‌ಮನ್ ಗುಡ್ಡಗಳ ಸ್ಟೋರ್ನೆಸ್ ಅನ್ನುವ ಚಾಚನ್ನು ವಿಶೇಷ ಸಂರಕ್ಷಿತ ಜಾಗ ಅಂತ ಘೋಷಿಸಿದರು. ಪೆಂಗ್ವಿನ್‌ಗಾಗಿ ಅಲ್ಲ, ಈ ಅಪರೂಪದ ಖನಿಜಗಳಿಗಾಗಿ.

ಸುಮ್ನೆ ಓದುಗ

ಹೋಗಲಿ ಬಿಡಿ. ಕರದಂಟು ಅಮೀನಗಡದ್ದೇ ಚೆಂದ.

ಕರದಂಟು

ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಉತ್ತರ ಕೊಡುತ್ತೇನೆ.

ದ್ರಾಕ್ಷಿ ತೋಟ

ತಂಗಿ, ಒಂದು ಅನುಮಾನ. ಆಳದಲ್ಲಿ ಹುಟ್ಟಿದ್ದು ಮೇಲೆ ಬರುವ ದಾರಿಯಲ್ಲಿ ಮತ್ತೆ ನೀರು ತಗಲುವುದಿಲ್ಲವಾ? ತಗಲಿದರೆ ಇವೂ ತೊಳೆದು ಹೋಗಬೇಕಲ್ಲ.

ಕರದಂಟು

ಅಣ್ಣಾ, ನೀವು ತೋಟ ಬಿಟ್ಟು ನಮ್ಮ ವಿಭಾಗಕ್ಕೆ ಬನ್ನಿ.

ತಗಲುತ್ತದೆ. ಕಲ್ಲು ತಣ್ಣಗಾಗುತ್ತಾ ಮೇಲೆ ಬರುವಾಗ ಬಿರುಕುಗಳಲ್ಲಿ ನೀರು ನುಗ್ಗುತ್ತದೆ. ಕೊನೆಯ ಪಾಕ ಗಟ್ಟಿಯಾಗುವಾಗಲೂ ತನ್ನಲ್ಲಿದ್ದ ನೀರನ್ನು ಕಕ್ಕುತ್ತದೆ. ಆಗ ಪ್ರಿಸ್ಮಟೀನ್, ಗ್ರಾಂಡಿಡಿಯರೈಟ್ ತಾಳುವುದಿಲ್ಲ. ಅಂಚಿನಿಂದ ಶುರುವಾಗಿ ಮತ್ತೆ ಟೂರ್ಮಲೀನ್ ಆಗುತ್ತವೆ, ಕೆಲವು ಕಡೆ ಡುಮಾರ್ಟಿಯರೈಟ್ ಅನ್ನುವ ನೀಲಿ ಖನಿಜ ಆಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಪ್ರಿಸ್ಮಟೀನಿನ ಚೂರು, ಸುತ್ತ ಟೂರ್ಮಲೀನಿನ ಬೇಲಿ. ಅದು ಹುಟ್ಟುವುದು ಒಂದು ಅದೃಷ್ಟ, ನಮ್ಮ ಕಣ್ಣಿಗೆ ಬೀಳುವಷ್ಟು ಉಳಿಯುವುದು ಇನ್ನೊಂದು. ಹುಟ್ಟಿ, ಮತ್ತೆ ಟೂರ್ಮಲೀನ್ ಆಗಿ ಗುರುತೇ ಇಲ್ಲದೆ ಹೋದವು ಎಷ್ಟಿರಬಹುದು ಅಂತ ನನಗೆ ಅನಿಸುತ್ತಿರುತ್ತದೆ.

ಪತ್ತಾರ ಓಣಿ

ಬೋರಾನ್ ಮೂಲದಲ್ಲಿ ಸಮುದ್ರದಿಂದ ಬಂತು ಅಂತ ಇಷ್ಟು ಬೆಂದ ಮೇಲೂ ಹೇಗೆ ಹೇಳುತ್ತಾರೆ? ಬಂಗಾರ ಕರಗಿಸಿದ ಮೇಲೆ ಅದು ಯಾರ ಬಳೆ ಅಂತ ಹೇಳಲು ಆಗುವುದಿಲ್ಲವಲ್ಲ.

ಕಲ್ಲು ಮಾಸ್ತರ

ಬೋರಾನಿಗೆ ಗುರುತಿನ ಚೀಟಿ ಇದೆ ಅಕ್ಕಾರೇ. ಬೋರಾನಿನಲ್ಲಿ ಎರಡು ತೂಕದ ಪರಮಾಣು ಇವೆ. ನೂರಕ್ಕೆ ಸುಮಾರು 80 ಭಾರದ್ದು, ತೂಕ 11. ಉಳಿದ 20 ಹಗುರದ್ದು, ತೂಕ 10. ಸಮುದ್ರದ ನೀರಿನಲ್ಲಿ ಭಾರದ್ದರ ಪಾಲು ಸ್ವಲ್ಪ ಜಾಸ್ತಿ. ಭೂಖಂಡದ ಕಲ್ಲುಗಳಲ್ಲಿ ಸ್ವಲ್ಪ ಕಡಿಮೆ. ಆ ಅಂತರವನ್ನು ಟೂರ್ಮಲೀನ್, ಪ್ರಿಸ್ಮಟೀನಿನಲ್ಲಿ ಅಳೆಯುತ್ತಾರೆ.

ಆದರೆ ಚೀಟಿಯೂ ಅಷ್ಟಿಷ್ಟು ಅಳಿಸಿರುತ್ತದೆ. ನೀರು ಹೊರಡುವಾಗ ಭಾರದ ಬೋರಾನನ್ನು ಹೆಚ್ಚು ಒಯ್ಯುತ್ತದೆ. ಉಳಿದ ಕಲ್ಲು ಹಗುರದ ಕಡೆಗೆ ವಾಲುತ್ತದೆ. ಹಾಗಾಗಿ ಎಷ್ಟು ಸೋರಿದೆ ಅಂತ ಲೆಕ್ಕ ಹಾಕಿ, ಹಿಂದಕ್ಕೆ ನಡೆದು, ಮೂಲ ಹೇಳಬೇಕು. ಸುಲಭವಲ್ಲ. ಒಂದೇ ಅಳತೆ ಹಿಡಿದು "ಇದು ಸಮುದ್ರದ್ದೇ" ಅಂತ ಬರೆದವರನ್ನು ನಾನು ಅಷ್ಟು ಬೇಗ ನಂಬುವುದಿಲ್ಲ.

ಹೊಸಮನೆ

ನಾನು ಕೇಳಿದ್ದು ತುಕ್ಕು ಹಿಡಿಯುತ್ತಾ ಅಂತ. ನೀವು ಅಂಟಾರ್ಕ್ಟಿಕಾ ತೋರಿಸಿದಿರಿ! ನಾನೂ ಮಗನೂ ಕೂತು ಎಲ್ಲಾ ಓದಿದೆವು.

ಬೂದಿ ಎಳೆಯುವುದನ್ನು ಮಾಡಿಯೇ ನೋಡೋಣ ಅಂತ ಮಗ ಹಠ ಹಿಡಿದ. ಸುತ್ತಿಗೆಯಲ್ಲಿ ಮೂಲೆ ತಟ್ಟಿದಾಗ ಒಂದು ಕಡ್ಡಿ ಬಿಡಿಯಾಗಿ ಬಂತು, ಎರಡು ಇಂಚು. ಮೊದಲ ಸಲ ಹಂಚಿನ ಮೇಲೆ ಬಿಸಿ ಮಾಡಿ ಒಲೆಯ ಬೂದಿ ಹತ್ತಿರ ಹಿಡಿದೆವು. ಏನೂ ಆಗಲಿಲ್ಲ. ಬೂದಿ ಹಸಿ ಇತ್ತೋ ಏನೋ. ಎರಡನೇ ಸಲ ಊದಿನಕಡ್ಡಿಯ ಒಣ ಬೂದಿ ತಂದೆವು. ಬಿಸಿ ಮಾಡಿ, ಚಿಮಟಿಗೆಯಲ್ಲಿ ಹಿಡಿದು, ಆರುತ್ತಾ ಬಂದಾಗ ಹತ್ತಿರ ಒಯ್ದೆವು. ಒಂದು ತುದಿಗೆ ನಾಲ್ಕೈದು ಎಳೆ ಹಾರಿ ಅಂಟಿತು. ಮಗ ಕುಣಿದ. ಮನೆಯವಳೂ ಬಂದು ನೋಡಿದಳು, ಚಾಕುವಿನ ವಿಷಯ ಈಗ ಎತ್ತುತ್ತಿಲ್ಲ.

ಕಲ್ಲು ಮಾಸ್ತರ

ಬಿಸಿ ಬದಲಾಗುವಾಗ ಮಾತ್ರ ವಿದ್ಯುತ್ ಬರುತ್ತದೆ. ಆರುವಾಗ ಹಿಡಿದದ್ದು ಸರಿಯಾಯಿತು. ಬೂದಿ ಒಣಗಿರಲೇಬೇಕು. ಕರಿ ಜಾತಿಯಲ್ಲಿ ಕಬ್ಬಿಣ ಜಾಸ್ತಿ, ಪರಿಣಾಮ ಸ್ವಲ್ಪ ಮಂಕು. ಅಷ್ಟಾದರೂ ಆಯಿತಲ್ಲ. ಅವನು ಯಾವ ಕ್ಲಾಸು?

ಹೊಸಮನೆ

ಏಳನೇ ಕ್ಲಾಸು ಸರ್. ಕಲಾದಗಿ ಶೇಲಿನ ಪ್ರಶ್ನೆಗೆ ಉತ್ತರ ಬರೆದು ತೋರಿಸುತ್ತೇನೆ ಅನ್ನುತ್ತಿದ್ದಾನೆ.

ಕಲ್ಲು ಮಾಸ್ತರ

ಬರೆಯಲಿ. ಒಂದು ಸುಳಿವು ಕೊಡಿ: ನೀರು ಯಾವಾಗ ಹೋಯಿತು ಅನ್ನುವುದನ್ನು ಮೊದಲು ಬರೆಯಬೇಕು. ಅದನ್ನು ಬಿಟ್ಟವರಿಗೆ ನಾನು ಅರ್ಧ ಅಂಕ ಕಡಿಯುತ್ತಿದ್ದೆ.

ಇಳಕಲ್ ಪಾಲಿಶ್

ಮಾಸ್ತರ್ರೇ, ಮೊದಲ ದಿನ ನಾನೇ ತಪ್ಪು ಹೇಳಿದ್ದೆ. ಇವತ್ತು ಕಾರ್ಖಾನೆಯಲ್ಲಿ ಹೊರಗಿನಿಂದ ಬಂದ ಬಿಳಿ ಚಪ್ಪಡಿಗಳನ್ನೆಲ್ಲ ಬಗ್ಗಿ ನೋಡಿದೆ. ಎರಡರಲ್ಲಿ ಹೊಟ್ಟೆ ಬಂದ ತ್ರಿಕೋನ ಸಿಕ್ಕಿತು. ಇಷ್ಟು ವರ್ಷ ಅದನ್ನೇ ಕೊಯ್ಯುತ್ತಿದ್ದೆ, ಗಮನಿಸಿರಲಿಲ್ಲ. ದಕ್ಷಿಣದ ಕಡೆಯ ಕರಿ-ಹಸಿರು ಚಪ್ಪಡಿಯೂ ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ಏನು ನೋಡಬೇಕು?

ಕಲ್ಲು ಮಾಸ್ತರ

ಉದ್ದನೆಯ ಹಸಿರು ಅಥವಾ ಕಂದು-ಹಸಿರು ಪಟ್ಟಕ ಕಂಡರೆ, ಚಪ್ಪಡಿ ತಿರುಗಿಸಿದಾಗ ಅದರ ಬಣ್ಣ ಬದಲಾದ ಹಾಗೆ ಅನಿಸಿದರೆ, ಸುತ್ತ ಕರಿ ಟೂರ್ಮಲೀನಿನ ಬೇಲಿ ಇದ್ದರೆ ಯಂತ್ರ ನಿಲ್ಲಿಸಿ. ಮೊದಲು ಫೋಟೋ, ಆಮೇಲೆ ಪಾಲಿಶ್. ಅಡ್ಡ ಕೊಯ್ದ ತುಂಡು ಇದ್ದರೆ ಬಿಸಾಡಬೇಡಿ, ಬಸ್ಸಿಗೆ ಹಾಕಿ ಕಳಿಸಿ. ಬಾಡಿಗೆ ನಾನು ಕೊಡುತ್ತೇನೆ.

ಇಳಕಲ್ ಪಾಲಿಶ್

ಬಾಡಿಗೆ ಬೇಡ ಸರ್. ಸೋಮವಾರ ಹೊಸ ಲೋಡ್ ಬರುತ್ತದೆ.